ಹೊಳಿಹಟ್ಟಿ ಫುಟ್‌ಬಾಲ್ ಕ್ಲಬ್ಬಿನ ಮರಣೋತ್ತರ ಏಳಿಗೆ

ಹೊಳಿಹಟ್ಟಿಯ ಫ್ರೆಂಡ್ಸ್ ಯೂನಿಯನ್ ಫುಟ್‌ಬಾಲ್ ಕ್ಲಬ್ಬು ಸತ್ತ ಮೇಲೆಯೇ ಏಳಿಗೆಗೆ ಬಂತು ಎಂಬುದು ಸರ್ಕಾರಿ ಕಾಗದಪತ್ರಗಳಿಂದ ಸಾಬೀತಾಗಿರುವ ಸಂಗತಿ. ಬದುಕಿದ್ದಷ್ಟು ಕಾಲ ಅದಕ್ಕೆ ಗಾಳಿ ಹೊಡೆಯುವ ಪಂಪು ಕೂಡ ಸ್ವಂತದ್ದಿರಲಿಲ್ಲ. ಪ್ರತಿ ಪಂದ್ಯಕ್ಕೂ ಸೈಕಲ್ ಅಂಗಡಿಯಿಂದ ಕೈಗಡ ತರಬೇಕಾಗಿತ್ತು. ಈಗ ಅದಕ್ಕೆ ಎರಡಂತಸ್ತಿನ ಭವನವಿದೆ, ಸುತ್ತ ಕಂಪೌಂಡಿದೆ, ಕಬ್ಬಿಣದ ಗೇಟಿದೆ, ಗೇಟಿಗೆ ಕಾವಲುಗಾರನಿದ್ದಾನೆ. ಆಡುವವರು ಇಲ್ಲ. ಅವರು ಇಲ್ಲದ್ದರಿಂದಲೇ ಇದೆಲ್ಲ ಸಾಧ್ಯವಾಯಿತು.

ಕ್ಲಬ್ಬಿನ ಕೊನೆಯ ಕ್ಯಾಪ್ಟನ್ ಅಮೀನಸಾಬ ಮುಲ್ಲಾ. ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಸಂಕೇಶ್ವರ, ನಿಪ್ಪಾಣಿ, ಕೊಲ್ಹಾಪುರ ಎಂದು ಕೂಗಿ ಕೂಗಿ ಅವರ ದನಿ ಮನೆಯೊಳಗೂ ಇಳಿಯುತ್ತಿರಲಿಲ್ಲ. ಉಪ್ಪು ಕೇಳಿದರೆ ಓಣಿಯವರು ಉಪ್ಪು ತಂದುಕೊಡುತ್ತಿದ್ದರು. ಹರೆಯದಲ್ಲಿ ಅವರು ಎಡಗಾಲಿನ ಆಟಗಾರ. ಆ ಎಡಗಾಲನ್ನು ಅವರು ಈಗಲೂ ಬಲಗಾಲಿಗಿಂತ ಮೊದಲು ತೊಳೆಯುತ್ತಾರೆಂದು ಹೆಂಡತಿ ಜರೀನಾಬಿ ಹೇಳುವುದುಂಟು.

ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ದುಡಿಯುತ್ತಿದ್ದ ಊರವನೊಬ್ಬ ರಜೆಗೆ ಬರುವಾಗ ಒಂದು ಚೆಂಡು ತಂದ, ಕ್ಲಬ್ಬು ಹುಟ್ಟಿತು. ಸಂಕೇಶ್ವರದವರ ಕೂಡ ಆಡಿ ಸೋತಿತು, ಗೋಕಾಕದವರ ಕೂಡ ಆಡಿ ಸೋತಿತು. ಕಾಲುವೆಯ ಬದಿಯ ಮೈದಾನದಲ್ಲಿ ಆಟ. ತಾಲೂಕಿನ ಗಡಿ ಸರಿಯಾಗಿ ಮೈದಾನದ ನಡುವೆ ಹಾಯ್ದಿತ್ತು. ಒಂದು ಗೋಲು ಹುಕ್ಕೇರಿ ತಾಲೂಕಿನಲ್ಲಿ, ಇನ್ನೊಂದು ಗೋಲು ಗೋಕಾಕ ತಾಲೂಕಿನಲ್ಲಿ. ಅರ್ಧ ಆಟ ಮುಗಿದಾಗ ತಂಡಗಳು ತಾಲೂಕು ಬದಲಿಸಿಕೊಳ್ಳುತ್ತಿದ್ದವು.

ಮೂಡಲಗಿಯವರ ಎದುರಿನ ಪಂದ್ಯದಲ್ಲಿ ಅಮೀನಸಾಬರು ಎಡಗಾಲಿನಿಂದ ಹೊಡೆದ ಚೆಂಡು ಗೋಲಿನೊಳಗಿಂದ ಹೋಯಿತೋ, ಕಂಬದ ಹೊರಗಿನಿಂದ ಹೋಯಿತೋ ತೀರ್ಮಾನವಾಗುವುದರೊಳಗೆ ಎಡದಂಡೆ ಕಾಲುವೆಗೆ ಬಿದ್ದು ತೇಲುತ್ತ ಹೊರಟಿತು. ಧುಪದಾಳದ ಒಡ್ಡಿನಿಂದ ಆಗಷ್ಟೇ ನೀರು ಬಿಟ್ಟಿದ್ದರು. ಮೂಡಲಗಿಯವರು, ಹೇಗೂ ನೀರು ನಮ್ಮ ಕಡೆಗೇ ಬರುತ್ತದೆ, ಚೆಂಡು ಅಲ್ಲಿ ಸಿಗುತ್ತದೆ ಎಂದು ಲಾರಿ ಹತ್ತಿದರು. ಹೊಸ ಚೆಂಡು ತರುವ ಬಗ್ಗೆ ಒಂದು ಸಭೆ ಕರೆಯಬೇಕೆಂದು ಊರಲ್ಲಿ ನಿರ್ಧಾರವಾಯಿತು. ಸಭೆ ಕರೆಯುವವರು ಯಾರೆಂದು ನಿರ್ಧಾರವಾಗಲಿಲ್ಲ. ಹೀಗೆ ಕ್ಲಬ್ಬು ಯಾರಿಗೂ ತ್ರಾಸು ಕೊಡದೆ ತೀರಿಕೊಂಡಿತು.

ಮೈದಾನ ಮಾತ್ರ ಉಳಿಯಿತು. ಅದು ತನ್ನದೆಂದು ಯಾರೂ ಹೇಳದ್ದರಿಂದ ಎಲ್ಲರದ್ದೂ ಆಗಿತ್ತು. ಉದ್ದವ್ವ ಎಂಬ ಮುದುಕಿ ಅಲ್ಲಿ ಗೋವಿನಜೋಳ ಒಣಗಿಸುತ್ತಿದ್ದಳು. ಮೋಟಾರ್‌ಸೈಕಲ್ ಕಲಿಯುವವರು ಅಲ್ಲೇ ಕಲಿತು ಅಲ್ಲೇ ಬೀಳುತ್ತಿದ್ದರು. ಸಂಜೆ ಹೈಸ್ಕೂಲಿನ ವ್ಯಾಯಾಮ ಶಿಕ್ಷಕಿ ದಾಕ್ಷಾಯಿಣಿ ತನ್ನ ಹುಡುಗಿಯರನ್ನು ಕರೆತಂದು ಫುಟ್‌ಬಾಲ್ ಆಡಿಸುತ್ತಿದ್ದಳು. ಅವರಲ್ಲಿ ಅಮೀನಸಾಬರ ಮೊಮ್ಮಗಳು ತಬಸ್ಸುಮಳೂ ಇದ್ದಳು. ಅಮೀನಸಾಬರು ಗಡಿಕಲ್ಲಿನ ಮೇಲೆ ಕುಳಿತು, ಯಾರೂ ಕೇಳದಿದ್ದರೂ, ಎರಡೂ ತಾಲೂಕಿಗೆ ಕೇಳುವಂತೆ ಸಲಹೆ ಕೊಡುತ್ತಿದ್ದರು.

"ಎಡಗಾಲ ಏನ್ ಮನ್ಯಾಗ ಇಟ್ಟ ಬಂದೀಯೇನ ಬೇಟಿ? ಅದ್ರಲೇ ಹೊಡಿ."

ತಬಸ್ಸುಮ ಅದರಿಂದಲೇ ಹೊಡೆಯುತ್ತಿದ್ದಳು. ದಿನಾ ಸಂಜೆ ಅಮೀನಸಾಬರು ಮನೆಗೆ ಮರಳುವಾಗ ಹುಡುಗಿಯರಿಗಿಂತ ಹೆಚ್ಚು ದಣಿದಿರುತ್ತಿದ್ದರು.

ಇಂಥದ್ದರಲ್ಲಿ ಸರ್ಕಾರದ ಯಾವುದೋ ಕೋಶವೊಂದು 'ಸ್ಥಗಿತ ಕ್ರೀಡಾ ಸಂಸ್ಥೆಗಳ ಪರಂಪರಾ ಸಂರಕ್ಷಣಾ ಯೋಜನೆ' ಎಂಬುದನ್ನು ಜಾರಿಗೆ ತಂದಿತು. ಅದರ ಮೊದಲ ನಿಯಮ ಹೀಗಿತ್ತು: "ಸದರಿ ಯೋಜನೆಯಡಿ ನೆರವು ಕೋರುವ ಸಂಸ್ಥೆಯು ಪುರಾತನವಾಗಿರತಕ್ಕದ್ದು ಹಾಗೂ ಸಂಪೂರ್ಣವಾಗಿ ಸ್ಥಗಿತಗೊಂಡಿರತಕ್ಕದ್ದು. ಆಟವು ಚಾಲ್ತಿಯಲ್ಲಿರುವ ಸಂಸ್ಥೆಗಳು ತಮ್ಮ ಆಟದಿಂದಲೇ ಸಂರಕ್ಷಿತವಾಗಿರುವುದರಿಂದ ಅಂಥವುಗಳ ಅರ್ಜಿಯನ್ನು ಪರಿಗಣಿಸತಕ್ಕದ್ದಲ್ಲ."

ನಿಯಮವನ್ನು ಊರಲ್ಲಿ ಮೊದಲು ಓದಿದವರು ಕಂತ್ರಾಟುದಾರ ಗುಡ್ಡಪ್ಪ. ಕಾಲುವೆಯ ರಿಪೇರಿ ಅವರದೇ. ಅವರು ಕಟ್ಟಿದ ಕಡೆಯೇ ಕಾಲುವೆ ಒಡೆಯುತ್ತಿದ್ದುದರಿಂದ ಅವರಿಗೆ ಕೆಲಸ ತಪ್ಪುತ್ತಿರಲಿಲ್ಲ. ಅವರು ಜೀವಮಾನದಲ್ಲಿ ಚೆಂಡು ಮುಟ್ಟಿದವರಲ್ಲ. ಆದರೆ ಅವರ ತಂದೆ ಪಂದ್ಯಗಳ ನಡುವೆ ಆಟಗಾರರಿಗೆ ನಿಂಬೆಹಣ್ಣು ಮಾರುತ್ತಿದ್ದರು. ಈ ಸಂಬಂಧದಿಂದ ಗುಡ್ಡಪ್ಪ ಕ್ಲಬ್ಬಿನ ಸಂಸ್ಥಾಪಕ ಮನೆತನದವರಾದರು.

ಒಂದು ಬೆಳಗ್ಗೆ ಅವರು ಗೋಕಾಕದ ಕರದಂಟಿನ ಡಬ್ಬಿ ಹಿಡಿದು ಅಮೀನಸಾಬರ ಮನೆಗೆ ಬಂದರು.

"ಕಾಕಾ, ನಮ್ಮ ಕ್ಲಬ್ಬ ಸತ್ತೈತಿ ಅಂತ ನೀವು ಕ್ಯಾಪ್ಟನ್ನರಾಗಿ ಬರದ ಕೊಡಬೇಕರಿ."

"ಅದು ಎಲ್ಲಾರಿಗೂ ಗೊತ್ತಿದ್ದದ್ದ ಐತೆಲ್ಲಪಾ."

"ಎಲ್ಲಾರಿಗೂ ಗೊತ್ತಿದ್ದದ್ದು ಸರ್ಕಾರಕ್ಕ ಗೊತ್ತಿರಂಗಿಲ್ರಿ. ಅದಕ್ಕ ಸಾಕ್ಷಿ ಬೇಕಾಕ್ಕೈತಿ."

ಜರೀನಾಬಿ ಚಾ ತಂದಿಟ್ಟು ಕೇಳಿದರು. "ಸತ್ತದ್ದಕ್ಕ ಸರ್ಕಾರ ಏನ್ ಕೊಡತೈತಿ ಗುಡ್ಡಪ್ಪಣ್ಣ?"

"ಭವನ ಕೊಡತೈತ್ರಿ ಕಾಕಿ. ಹುಲ್ಲಿನ ಗ್ರೌಂಡ ಕೊಡತೈತಿ. ಭವನದ ಮುಂದ ಕಲ್ಲಿನ್ಯಾಗ ಕಾಕಾರ ಹೆಸರು ಕೊರಸ್ತೀವಿ, ಆಜೀವ ಕ್ಯಾಪ್ಟನ್ ಅಂತ. ನೀಲಿ ಕೋಟ ಹೊಲಸ್ತೀವಿ."

"ಇದ್ದಾಗ ಒಂದು ಚೆಂಡ ಕೊಟ್ಟಿದ್ರ ಸಾಯ್ತಿರಲಿಲ್ಲ," ಎಂದರು ಜರೀನಾಬಿ.

ಗುಡ್ಡಪ್ಪ ಇದನ್ನು ಒಪ್ಪಿಕೊಂಡರು. ಸಾಯದಿದ್ದರೆ ಭವನ ಬರುತ್ತಿರಲಿಲ್ಲ ಎಂಬುದನ್ನೂ ನೆನಪಿಸಿದರು.

ಅಮೀನಸಾಬರ ಕಣ್ಣ ಮುಂದೆ ಆಗಲೇ ನೀಲಿ ಕೋಟು ತೂಗಾಡುತ್ತಿತ್ತು. ನಿವೃತ್ತರಾದ ದಿನ ಬಸ್‌ಸ್ಟ್ಯಾಂಡಿನಲ್ಲಿ ಶಾಲು ಹೊದಿಸಿ, ಭಾಷಣದಲ್ಲಿ ಅವರ ಹೆಸರನ್ನು ಅಮೀರಸಾಬ ಎಂದು ತಪ್ಪು ಹೇಳಿದ್ದರು. ಕಲ್ಲಿನಲ್ಲಿ ಕೊರೆದರೆ ಹಾಗಾಗುವುದಿಲ್ಲ. ಅಲ್ಲದೆ ಹುಲ್ಲಿನ ಮೈದಾನ ಬರುತ್ತದೆ. ತಬಸ್ಸುಮಳ ಮೊಣಕಾಲು ಕಿತ್ತುಹೋಗುವುದು ತಪ್ಪುತ್ತದೆ. ಅವರು ಹೀಗೆ ಎರಡೂ ಬದಿಯಿಂದ ವಿಚಾರ ಮಾಡಿ, ಕೋಟಿನ ಅಳತೆ ಕೊಟ್ಟರು.

ಸ್ಥಳ ಪರಿಶೀಲನೆಗೆ ಕೋಶದ ಅಧಿಕಾರಿ ಬಾಳೇಶ ಬಂದರು. ಬೆಳಗ್ಗೆ ಬರಬೇಕಾದವರು ಗುಡ್ಡಪ್ಪನವರ ತೋಟದಲ್ಲಿ ಊಟ ಮುಗಿಸಿ, ಊಟದ ಆಯಾಸವನ್ನೂ ಮುಗಿಸಿ ಸಂಜೆಗೆ ಮೈದಾನ ತಲುಪಿದರು. ಆ ಹೊತ್ತಿಗೆ ಹುಡುಗಿಯರ ಆಟ ರಂಗೇರಿತ್ತು.

ಬಾಳೇಶ ಜೀಪಿನಿಂದ ಇಳಿಯಲಿಲ್ಲ. "ಗುಡ್ಡಪ್ಪನವರ, ಇದೇನ್ರಿ ಇದು? ಸತ್ತ ಕ್ಲಬ್ಬಿನ ಗ್ರೌಂಡಿನ್ಯಾಗ ಚೆಂಡ ಉರಳಾಕತ್ತೈತಿ."

"ಅದು ಫುಟ್‌ಬಾಲ್ ಅಲ್ರಿ ಸಾಹೇಬ್ರ. ಹುಡುಗ್ಯಾರ ವ್ಯಾಯಾಮ."

ಅದೇ ಗಳಿಗೆಗೆ ತಬಸ್ಸುಮ ಇಬ್ಬರನ್ನು ತಪ್ಪಿಸಿಕೊಂಡು, ದೇಹವನ್ನು ಬಲಕ್ಕೆ ಬಾಗಿಸಿ, ಎಡಗಾಲಿನಿಂದ ಚೆಂಡನ್ನು ಕಂಬದ ಒಳಬದಿಗೆ ತಾಗಿಸಿ ಗೋಲು ಹೊಡೆದಳು. ಅದನ್ನು ಕಲಿಸಲು ಅಮೀನಸಾಬರಿಗೆ ಒಂದು ಇಡೀ ಬೇಸಿಗೆ ಹಿಡಿದಿತ್ತು. ಅವಳು ಗೆಳತಿಯರನ್ನು ಬಿಟ್ಟು ಮೊದಲು ಗಡಿಕಲ್ಲಿನ ಕಡೆ ನೋಡಿದಳು. ಅಜ್ಜ ಅಲ್ಲಿರಲಿಲ್ಲ, ಜೀಪಿನ ಬಾಜೂ ನಿಂತಿದ್ದರು.

"ಕ್ಯಾಪ್ಟನ್ನರಾಗಿ ನೀವ ಹೇಳ್ರಿ," ಎಂದರು ಬಾಳೇಶ. "ಇದು ಫುಟ್‌ಬಾಲ್ ಆದ್ರ ನಾ ಈಗ ಹೊಳ್ಳಿ ಹೋಗಾಂವ. ಹೌದೋ, ಅಲ್ಲೋ?"

ಅಮೀನಸಾಬರ ದನಿ ಹುಕ್ಕೇರಿಯಲ್ಲಿ ಎಂದೂ ಇಷ್ಟು ಸಣ್ಣದಾಗಿರಲಿಲ್ಲ.

"ಅಲ್ರಿ."

ಬಾಳೇಶ ಅಲ್ಲಿಯೇ ವರದಿ ಬರೆದರು: "ಪರಿಶೀಲನೆಯ ವೇಳೆ ಗೋಲಾಕಾರದ ವಸ್ತುವೊಂದನ್ನು ಬಾಲಕಿಯರು ತಮ್ಮ ಪಾದಗಳಿಂದ ಸ್ಥಳಾಂತರಿಸುತ್ತಿದ್ದುದು ಕಂಡುಬಂದಿರುತ್ತದೆ. ಸದರಿ ಚಟುವಟಿಕೆಗೂ ಫುಟ್‌ಬಾಲಿಗೂ ಯಾವುದೇ ಸಂಬಂಧವಿರುವುದಿಲ್ಲವೆಂದು ಕ್ಲಬ್ಬಿನ ಕ್ಯಾಪ್ಟನ್‌ರವರು ಖುದ್ದು ದೃಢೀಕರಿಸಿರುತ್ತಾರೆ."

ಜೀಪು ಹೋದ ಮೇಲೆ ದಾಕ್ಷಾಯಿಣಿ ಬಂದಳು. ಅವಳು ಮಾತು ಎತ್ತರಿಸುವವಳಲ್ಲ.

"ಕಾಕಾರ, ಇದು ಫುಟ್‌ಬಾಲ್ ಅಲ್ಲಂದ್ರ ಏನ್ ಆಡಾಕತ್ತಾರ್ರಿ ಈ ಹುಡುಗ್ಯಾರು?"

"ಸ್ವಲ್ಪ ದಿವಸ ತಡೀರಿ ಮೇಡಂ. ಹುಲ್ಲ ಬಂದ ಮ್ಯಾಲ ಇವರ ಅಲ್ಲೇನ್ರಿ ಆಡಾವ್ರು? ಮತ್ಯಾರ ಅದಾರ?"

ಅವರು ಇದನ್ನು ನಂಬಿಯೇ ಹೇಳಿದರು. ದಾಕ್ಷಾಯಿಣಿ ನಂಬದೆಯೇ ತಲೆಯಾಡಿಸಿದಳು. ತಬಸ್ಸುಮ ಚೆಂಡನ್ನು ಬಗಲಲ್ಲಿ ಹಿಡಿದು ಅಜ್ಜನ ಮುಂದಿನಿಂದಲೇ ಮನೆಗೆ ಹೋದಳು.

ಕೆಲವು ದಿನಗಳಲ್ಲಿ ಕ್ಲಬ್ಬು ಅಧಿಕೃತವಾಗಿ ಸತ್ತಿತೆಂಬ ಪ್ರಮಾಣಪತ್ರ ಬಂತು. ನೆರವಿನ ಮೊದಲ ಕಂತಿಗೆ ಶ್ರದ್ಧಾಂಜಲಿ ಸಭೆ ಕಡ್ಡಾಯವಿತ್ತು. ಪಂಚಾಯಿತಿಯ ಮುಂದೆ ಶಾಮಿಯಾನ ಹಾಕಿ, ಕುರ್ಚಿಯ ಮೇಲೆ ಕ್ಲಬ್ಬಿನ ಹಳೆಯ ಬನಿಯನ್ ಇಟ್ಟು ಮಾಲೆ ಹಾಕಲಾಯಿತು. ಗುಡ್ಡಪ್ಪ ಮಾತನಾಡುತ್ತ ಎರಡು ಸಲ ಕಣ್ಣು ಒರೆಸಿಕೊಂಡರು. ಎರಡನೆಯ ಸಲಕ್ಕೂ ಫೋಟೋದವನು ಸಿದ್ಧನಿರಲಿಲ್ಲವಾದ್ದರಿಂದ ಅದನ್ನು ಮತ್ತೊಮ್ಮೆ ಮಾಡಿದರು. ಆ ಕಡೆಯಿಂದ ಜೋಳದ ಬುಟ್ಟಿ ಹೊತ್ತು ಬರುತ್ತಿದ್ದ ಉದ್ದವ್ವ ಸೆರಗು ಸರಿಮಾಡಿಕೊಂಡು ನಿಂತಳು.

"ಯಾರ ಹೋದ್ರಪಾ?"

"ಫುಟ್‌ಬಾಲ್ ಕ್ಲಬ್ಬ ಹೋತಬೇ," ಎಂದ ಪಕ್ಕದವನು.

"ವಯಸ್ಸಾಗಿತ್ತ ಬಿಡು," ಎಂದು ಉದ್ದವ್ವ ಕೈಮುಗಿದಳು. ಮರುದಿನ ಅವಳು ಜೋಳ ಒಣಗಿಸಲು ಹೋದಾಗ ಮೈದಾನಕ್ಕೆ ಗೋಡೆ ಏಳುತ್ತಿತ್ತು.

ಆ ಗೋಡೆಯ ಬಗ್ಗೆ ಒಂದು ವಿವರ ಹೇಳಬೇಕು. ಮೈದಾನ ಎರಡು ತಾಲೂಕಿನಲ್ಲಿ ಹಂಚಿಹೋಗಿತ್ತಷ್ಟೆ. ಗುಡ್ಡಪ್ಪನವರು ಯಾವ ತಾಲೂಕಿಗೂ ಅನ್ಯಾಯವಾಗಬಾರದೆಂದು ಇಡೀ ಗೋಡೆಯನ್ನು ಹುಕ್ಕೇರಿಯ ಹೆಸರಿನಲ್ಲಿ ಒಮ್ಮೆ, ಇಡೀ ಗೋಡೆಯನ್ನು ಗೋಕಾಕದ ಹೆಸರಿನಲ್ಲಿ ಒಮ್ಮೆ ಕಟ್ಟಿದರು. ಕಣ್ಣಿಗೆ ಕಾಣುವುದು ಒಂದೇ. ಇನ್ನೊಂದು ಕಾಗದದ ಮೇಲೆ ಇದ್ದು, ಅದರ ಗುಣಮಟ್ಟ ಹೆಚ್ಚು ಚೆನ್ನಾಗಿದೆಯೆಂದು ಬಾಳೇಶ ಪ್ರಶಂಸಿಸಿದರು.

ಭವನವೂ ಎದ್ದಿತು. ಕೆಳಗೆ ಬಾಡಿಗೆಗೆ ಮಳಿಗೆಗಳು, ಮೇಲೆ ಮದುವೆಗಳಿಗೆ ಅನುಕೂಲವಾಗುವ ಸಭಾಂಗಣ. ಆಟಗಾರರು ಬಟ್ಟೆ ಬದಲಿಸುವ ಕೋಣೆ ನಕ್ಷೆಯಲ್ಲಿತ್ತು. ಅದರಲ್ಲಿ ಅಡಿಗೆಯ ಗ್ಯಾಸು ಇಡಬೇಕಾಯಿತು. ಕಾರ್ಯಕಾರಿ ಸಮಿತಿಗೆ ಗುಡ್ಡಪ್ಪ ಅಧ್ಯಕ್ಷರು, ಅವರ ತಮ್ಮ ಖಜಾಂಚಿ, ಅವರ ಅಳಿಯ ಲಖನ ತಾಂತ್ರಿಕ ನಿರ್ದೇಶಕ ಹಾಗೂ ರೆಫ್ರಿ. ಹಳೆಯ ಆಟಗಾರರಾರೂ ಸಮಿತಿಯಲ್ಲಿರಲಿಲ್ಲ. "ಹಿಂದೆ ಆಟವಾಡಿದವರು ಆಟದ ಬಗ್ಗೆ ಪೂರ್ವಗ್ರಹ ಹೊಂದಿರುವ ಸಂಭವವಿರುವುದರಿಂದ ಪದಾಧಿಕಾರಿಗಳಾಗಲು ಅರ್ಹರಲ್ಲ" ಎಂಬ ನಿಯಮವಿತ್ತು. ಆಜೀವ ಕ್ಯಾಪ್ಟನ್ ಹುದ್ದೆಗೆ ಮಾತ್ರ ವಿನಾಯಿತಿ, ಏಕೆಂದರೆ ಅದಕ್ಕೆ ಯಾವ ಕೆಲಸವೂ ಇರಲಿಲ್ಲ.

ಅಮೀನಸಾಬರು ನೀಲಿ ಕೋಟು ತೊಟ್ಟು ದಿನಾ ಭವನದಲ್ಲಿ ಕುಳಿತರು. ಕಲ್ಲಿನಲ್ಲಿ ಅವರ ಹೆಸರು ಸರಿಯಾಗಿಯೇ ಬಂದಿತ್ತು. ಕೊಲ್ಹಾಪುರದಿಂದ ಲಾರಿಯಲ್ಲಿ ಬಂದ ಹುಲ್ಲು ಹಸಿರಾಗಿ ಹಬ್ಬಿತು. ಅವರು ಕಿಟಕಿಯಿಂದ ಅದನ್ನು ನೋಡುತ್ತಿದ್ದರು. ನೋಡುವಾಗ ಮೇಜಿನ ಕೆಳಗೆ ಎಡಗಾಲು ತಾನಾಗಿ ಅಲುಗಾಡುತ್ತಿತ್ತು. ಒಂದು ದಿನ ಅವರು ಗುಡ್ಡಪ್ಪನವರನ್ನು ಕೇಳಿಯೇಬಿಟ್ಟರು.

"ಹುಡುಗ್ಯಾರಿಗೆ ಯಾವಾಗ ಬಿಡ್ತೀರಿ?"

"ಬಿಟ್ರ ಕ್ಲಬ್ಬ ಚಾಲೂ ಆತು ಅಂತ ಆಗತೈತ್ರಿ ಕಾಕಾ. ಚಾಲೂ ಆದ್ರ ಎರಡನೇ ಕಂತ ಬರಂಗಿಲ್ಲ. ಎರಡನೇ ಕಂತ ಬರಲಿಲ್ಲಂದ್ರ ಹುಲ್ಲಿಗೆ ನೀರ ಎಲ್ಲಿಂದ ಹಾಕೂದು? ನೀವ ಹೇಳ್ರಿ, ಹುಲ್ಲು ಒಣಗಿದ್ರ ಹುಡುಗ್ಯಾರು ಎಲ್ಲಿ ಆಡಬೇಕು?"

ಅಮೀನಸಾಬರು ಈ ಮಾತನ್ನು ಮನೆಗೆ ಹೋಗುವವರೆಗೂ ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೋ ತಪ್ಪಿದೆ ಅನ್ನಿಸಿತು. ಎಲ್ಲಿ ಎಂದು ಸಿಗಲಿಲ್ಲ.

ಹುಡುಗಿಯರು ಗೋಡೆಯ ಹೊರಗೆ ಕಾಲುವೆಯ ರಸ್ತೆಯ ಮೇಲೆ ಆಡತೊಡಗಿದರು. ಟ್ರಾಕ್ಟರು ಬಂದರೆ ಆಟ ನಿಲ್ಲಿಸಿ, ಹೋದ ಮೇಲೆ ಮುಂದುವರಿಸುವುದು. ಒಂದು ಸಂಜೆ ಚೆಂಡು ಗೋಡೆ ಹಾರಿ ಹುಲ್ಲಿನ ಮೇಲೆ ಬಿತ್ತು. ಗೇಟಿನ ಫಲಕದಲ್ಲಿ ಸ್ಪಷ್ಟವಾಗಿ ಬರೆದಿತ್ತು: "ಹೊರಗಿನಿಂದ ಒಳಬಿದ್ದ ಚೆಂಡುಗಳು ಕ್ಲಬ್ಬಿನ ಸ್ವತ್ತಾಗತಕ್ಕದ್ದು." ದಾಕ್ಷಾಯಿಣಿ ಮತ್ತು ತಬಸ್ಸುಮ ಗೇಟಿಗೆ ಬಂದರು. ಕಾವಲುಗಾರ ಆಜೀವ ಕ್ಯಾಪ್ಟನ್ನರನ್ನು ಕರೆದ.

ಅಮೀನಸಾಬರು ಚಪ್ಪಲಿ ಕಳಚಿ ಹುಲ್ಲಿನ ಮೇಲೆ ಹೋಗಿ ಚೆಂಡನ್ನು ಎತ್ತಿಕೊಂಡರು. ಕೈಯಲ್ಲಿ ಎತ್ತಿಕೊಳ್ಳುವ ಮೊದಲು ಒಂದು ಕ್ಷಣ ಅದರ ಮೇಲೆ ಎಡಗಾಲು ಇಟ್ಟಿದ್ದರು. ಅವರು ಅದನ್ನು ಕೊಟ್ಟುಬಿಡುವವರೇ ಇದ್ದರು. ಅಷ್ಟರಲ್ಲಿ ಗುಡ್ಡಪ್ಪ ಭವನದ ಮೆಟ್ಟಿಲ ಮೇಲೆ ಕಾಣಿಸಿಕೊಂಡು, ಚೆಂಡನ್ನು ನೋಡಿ ಬಹಳ ಸಂತೋಷಪಟ್ಟರು. ಭವನದ ವಸ್ತುಸಂಗ್ರಹಾಲಯಕ್ಕೆ ಒಂದು ಪುರಾತನ ಚೆಂಡು ಬೇಕೆಂದು ಕೋಶದಿಂದ ಸೂಚನೆ ಬಂದಿತ್ತು. ಇದು ರಸ್ತೆಯ ಮೇಲೆ ಆಡಿ ಸಾಕಷ್ಟು ಪುರಾತನವಾಗಿತ್ತು.

"ಮೂಡಲಗಿ ಮ್ಯಾಚಿನ್ಯಾಗ ಕಾಲುವಿಗೆ ಬಿದ್ದ ಚೆಂಡು ಇದ ಅಲ್ಲೇನ್ರಿ ಕಾಕಾ?"

ಅಮೀನಸಾಬರು ಚೆಂಡನ್ನು ತಿರುಗಿಸಿ ನೋಡಿದರು. ಅದರ ಮೇಲೆ ತಬಸ್ಸುಮ ಎಂದು ಪೆನ್ನಿನಲ್ಲಿ ಬರೆದಿತ್ತು. "ಇರಬಹುದು," ಎಂದರು.

ಚೆಂಡು ಗಾಜಿನ ಪೆಟ್ಟಿಗೆ ಸೇರಿತು. ಹೆಸರು ಬರೆದ ಬದಿಯನ್ನು ಕೆಳಗೆ ಮಾಡಿ ಇಡಲಾಯಿತು.

ಆ ವಾರ ಮನೆಯಲ್ಲಿ ತಬಸ್ಸುಮ ಅಜ್ಜನಿಗೆ ತಟ್ಟೆ ಹಚ್ಚಿಕೊಟ್ಟಳು, ನೀರು ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಜರೀನಾಬಿ ಕೋಟಿಗೆ ಇಸ್ತ್ರಿ ಹಾಕುವುದನ್ನು ನಿಲ್ಲಿಸಿದರು. ಅಮೀನಸಾಬರು ತಾವೇ ಹಾಕಿಕೊಳ್ಳಲು ಹೋಗಿ ತೋಳಿನ ಮೇಲೆ ಸುಟ್ಟ ಕಲೆ ಮಾಡಿಕೊಂಡರು.

ದಾಕ್ಷಾಯಿಣಿ ತನ್ನ ಪಗಾರದಲ್ಲಿ ಬೇರೆ ಚೆಂಡು ತಂದಳು. ಭಾನುವಾರಗಳಂದು ಹುಡುಗಿಯರನ್ನು ಬಸ್ಸಿನಲ್ಲಿ ಧುಪದಾಳಕ್ಕೆ ಒಯ್ದು ಹೊಳೆಯ ದಂಡೆಯ ಮೇಲೆ ಆಡಿಸಿದಳು. ಆ ಚಳಿಗಾಲದಲ್ಲಿ ಅವರು ಸಂಕೇಶ್ವರದ ಪಂದ್ಯಾವಳಿಗೆ ಹೋಗಿ, ಯಾರೂ ಎಣಿಸದ ರೀತಿಯಲ್ಲಿ ಕಪ್ಪು ಗೆದ್ದು ಬಂದರು. ಹೊಳಿಹಟ್ಟಿಯವರು ಫುಟ್‌ಬಾಲಿನಲ್ಲಿ ಗೆದ್ದದ್ದು ಅದೇ ಮೊದಲು.

ಊರಿಗೆ ಇದರಿಂದ ದೊಡ್ಡ ಸಂಕಟ ಒದಗಿತು. ಕಪ್ಪಿನ ಮೇಲೆ ಫುಟ್‌ಬಾಲ್ ಎಂದು ಕೊರೆದಿತ್ತು. ಬಾಳೇಶ ಫೋನು ಮಾಡಿ, ನಿಮ್ಮ ಊರಲ್ಲಿ ಫುಟ್‌ಬಾಲು ಜೀವಂತವಿರುವ ಬಗ್ಗೆ ದೂರು ಬಂದಿದೆ, ಇದು ನಿಜವಾದರೆ ಎರಡನೇ ಕಂತಿನ ಮಾತು ಬಿಡಿ, ಮೊದಲನೆಯದನ್ನೂ ಮರಳಿಸಬೇಕಾಗುತ್ತದೆ ಎಂದರು. ಗುಡ್ಡಪ್ಪ ಶಾಲೆಗೆ ಹೋದರು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ದಾಕ್ಷಾಯಿಣಿಯನ್ನು ಕೂಡ್ರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದರು. ಅಮೀನಸಾಬರು ನೀಲಿ ಕೋಟಿನಲ್ಲಿ ಬಾಗಿಲ ಬಳಿ ಕುಳಿತಿದ್ದರು.

"ಮೇಡಂ, ನೀವು ಗೆದ್ದದ್ದು ಖೋ-ಖೋ ಅಂತ ಬರದ ಕೊಡ್ರಿ. ಆಟ ಆಟಾನ. ಕಪ್ಪ ನಿಮ್ಮ ಹತ್ರನ ಇರತೈತಿ."

"ಸಂಕೇಶ್ವರದಾಗ ಸಾವಿರ ಮಂದಿ ನೋಡ್ಯಾರ್ರಿ."

"ಅವರಿಗೆ ಫುಟ್‌ಬಾಲ್ ತಿಳಿಯಂಗಿಲ್ಲರಿ."

ದಾಕ್ಷಾಯಿಣಿ ಅಮೀನಸಾಬರ ಕಡೆ ತಿರುಗಿದಳು. "ನೀವೇನಂತೀರಿ ಕಾಕಾರ?"

ಅಮೀನಸಾಬರು ತೋಳಿನ ಮೇಲಿನ ಸುಟ್ಟ ಕಲೆಯನ್ನು ಮುಚ್ಚಿಕೊಂಡರು. "ಬರದ ಕೊಡ್ರಿ ಮೇಡಂ," ಎಂದರು. "ಇಲ್ಲಾಂದ್ರ ಮುಂದಿನ ವರ್ಸ ಹೊರಗ ಆಡಾಕ ಕಳಸಾಕ ಪರ್ಮಿಶನ್ ಕೊಡಂಗಿಲ್ಲ ಈ ಹೆಡ್‌ಮಾಸ್ತರು."

ಆಟ ಆಡಬೇಕಾದರೆ ಆಡಿಲ್ಲವೆಂದು ಬರೆದುಕೊಡಬೇಕು ಎಂಬುದು ದಾಕ್ಷಾಯಿಣಿಗೆ ಅರ್ಥವಾಯಿತು. ಅವಳು ಬರೆದುಕೊಟ್ಟಳು. ಕಪ್ಪನ್ನು ಗೋಕಾಕಕ್ಕೆ ಕಳಿಸಿ ಅಕ್ಷರ ತಿದ್ದಿಸಲಾಯಿತು. ಬಸ್‌ಸ್ಟಾಪಿನ ಬಳಿ ಗುಡ್ಡಪ್ಪನವರ ದೊಡ್ಡ ಫೋಟೋದ ಕೆಳಗೆ ಹುಡುಗಿಯರ ಸಣ್ಣ ಫೋಟೋ ಇದ್ದ ಬ್ಯಾನರು ಬಂತು: 'ಖೋ-ಖೋ ಚಾಂಪಿಯನ್ನರಿಗೆ ಹಾರ್ದಿಕ ಅಭಿನಂದನೆಗಳು'. ಮೆರವಣಿಗೆಯಲ್ಲಿ ತಬಸ್ಸುಮಳಿಗೆ ಮಾಲೆ ಹಾಕಿದ ಪಂಚಾಯಿತಿ ಸದಸ್ಯರು, ಓಡುವಾಗ ಕಂಬ ಹಿಡಿಯುವುದು ಕಷ್ಟವೇನವ್ವ ಎಂದು ವಿಚಾರಿಸಿದರು. ಅಷ್ಟೇನಿಲ್ರಿ ಎಂದು ಅವಳು ಹೇಳಿದಳು.

ಎರಡನೇ ಕಂತು ಬಂತು. ಭವನದ ಉದ್ಘಾಟನೆ ಗೊತ್ತಾಯಿತು. ಅಂದು ಮೂಡಲಗಿಯವರ ಕೂಡ ನಿಂತುಹೋದ ಪಂದ್ಯವನ್ನು ಮುಂದುವರಿಸಬೇಕೆಂದು ಸಮಿತಿ ಠರಾವು ಮಾಡಿತು. ಕ್ಲಬ್ಬು ಸಾಯುವ ಮೊದಲೇ ಶುರುವಾದ ಪಂದ್ಯವಾದ್ದರಿಂದ ಇದು ಚಾಲ್ತಿಯ ಆಟದ ಲೆಕ್ಕಕ್ಕೆ ಬರುವುದಿಲ್ಲವೆಂದು ಕೋಶವೂ ಒಪ್ಪಿತ್ತು. ಮೂಡಲಗಿಯವರ ಕ್ಲಬ್ಬೂ ಇದೇ ಯೋಜನೆಯಲ್ಲಿ ಸತ್ತಿತ್ತು. ಒಂದು ಟೆಂಪೋ ತುಂಬ ಬಂದರು. ಎರಡೂ ಕಡೆಯವರು ಹೊಸ ಬನಿಯನ್, ಹೊಸ ಬೂಟು ಹಾಕಿಕೊಂಡು ಸಾಲಾಗಿ ನಿಂತರು. ಬಹುತೇಕರಿಗೆ ಹೊಟ್ಟೆ ಬಂದಿತ್ತು. ಅಮೀನಸಾಬರು ಕೋಟಿನ ಕೆಳಗೆ ತಾವೂ ಬೂಟು ಹಾಕಿಕೊಂಡು ಬಂದಿದ್ದರು. ಒಂದೆರಡು ನಿಮಿಷ ಆಡಿಸಿದರೆ ಸಾಕು ಎಂಬ ಆಸೆ ಅವರಿಗಿತ್ತು.

ಗೇಟು ತೆರೆಯುವಾಗ ಬಾಳೇಶ ತಡೆದರು. ಹುಲ್ಲಿನ ಕೊನೆಯ ಬಿಲ್ಲು ಇನ್ನೂ ಪಾಸಾಗಿರಲಿಲ್ಲ. ಪಾಸಾಗುವವರೆಗೆ ಹುಲ್ಲು ತಂದ ಸ್ಥಿತಿಯಲ್ಲಿಯೇ ಇರಬೇಕು, ಯಾರೂ ತುಳಿಯುವಂತಿಲ್ಲ.

"ಹಂಗಾರ ಮ್ಯಾಚ್ ಹೆಂಗ್ರಿ?" ಎಂದರು ಅಮೀನಸಾಬರು.

ಬಾಳೇಶ ನಿಯಮಗಳನ್ನು ತಿರುವಿ ನೋಡಿದರು. ಪಂದ್ಯ ನಡೆದ ಬಗ್ಗೆ ಫಲಿತಾಂಶ ಕಳಿಸಬೇಕೆಂದಿತ್ತು. ಹುಲ್ಲಿನ ಮೇಲೆ ನಡೆಯಬೇಕೆಂದು ಎಲ್ಲಿಯೂ ಇರಲಿಲ್ಲ.

ಹೀಗಾಗಿ ಎರಡೂ ತಂಡಗಳನ್ನು ಶಾಮಿಯಾನದ ಕೆಳಗೆ ಎದುರುಬದುರು ಕುರ್ಚಿಗಳಲ್ಲಿ ಕೂಡ್ರಿಸಿ, ಶರಬತ್ತು ಕೊಟ್ಟು, ಮೈಕನ್ನು ಅಮೀನಸಾಬರ ಕೈಗೆ ಕೊಡಲಾಯಿತು. "ಕಾಕಾ, ನೀವು ಹೇಳ್ಕೋತ ಹೋಗ್ರಿ," ಎಂದರು ಗುಡ್ಡಪ್ಪ. "ಮಂದಿ ಕೇಳ್ತಾರ." ಲಖನ ಸೀಟಿ ಊದಿದ.

ಅಮೀನಸಾಬರು ಖಾಲಿ ಹುಲ್ಲನ್ನು ನೋಡಿದರು. ಆಮೇಲೆ, ಚೆಂಡು ಈಗ ನಡುವಿನಲ್ಲಿದೆ ಎಂದರು. ಮಂದಿ ಸುಮ್ಮನಾದರು. ಚೆಂಡು ಎಡಕ್ಕೆ ಬಂತು ಎಂದರು. ಎಡದಲ್ಲಿ ಯಾರಿದ್ದಾರೆಂದು ಹೇಳಲಿಲ್ಲ, ಎಲ್ಲರಿಗೂ ತಿಳಿಯಿತು. ಒಬ್ಬನನ್ನು ತಪ್ಪಿಸಿದರು, ಇನ್ನೊಬ್ಬನನ್ನು ತಪ್ಪಿಸಿದರು. ದನಿ ಏರಿತು. ಹುಕ್ಕೇರಿ ತಾಲೂಕು ದಾಟಿ ಚೆಂಡು ಗೋಕಾಕ ತಾಲೂಕು ಹೊಕ್ಕಿತು ಎಂದಾಗ ಕೆಲವರು ಕುರ್ಚಿಯಿಂದ ಎದ್ದರು. ಗೋಲು ಎಂದಾಗ ಶಾಮಿಯಾನ ಹಾರಿಹೋಗುವಂಥ ಸಿಳ್ಳೆ ಬಿದ್ದಿತು. ಅಮೀನಸಾಬರ ಹಣೆಯಿಂದ ಬೆವರು ಇಳಿಯುತ್ತಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಅವರು ಇಷ್ಟು ಚೆನ್ನಾಗಿ ಜೀವನದಲ್ಲಿ ಎಂದೂ ಆಡಿರಲಿಲ್ಲ.

ಆಗ ಗುಡ್ಡಪ್ಪ ಅವರ ಕಿವಿಯ ಹತ್ತಿರ ಬಾಗಿದರು. ಮೂಡಲಗಿಯ ಕಡೆ ಕಾಲುವೆಯ ಹೊಸ ಕೆಲಸ ಬರುವುದಿತ್ತು. ಅಲ್ಲಿಯ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದರು. "ಕಾಕಾ, ಅವರನ್ನ ಗೆಲ್ಲಸ್ರಿ. ಎರಡ ಗೋಲ ಕೊಡ್ರಿ."

"ನಮ್ಮ ಟೀಮ್ ಚೊಲೊ ಆಡಾಕತ್ತೈತಲ್ಲೋ."

"ಖರೆರಿ. ಆದ್ರೂ ಕೊಡ್ರಿ."

ಅಮೀನಸಾಬರು ಒಂದು ಗೋಲು ಕೊಟ್ಟರು. ಅದು ಅವರ ತಂಡದ ತಪ್ಪಿನಿಂದ ಆದದ್ದು, ಕೊಡಬಹುದಾದದ್ದು. ಎರಡನೆಯದಕ್ಕೆ ಬಂದಾಗ ಅವರ ನಾಲಿಗೆ ತಡೆಯಿತು. ಮೂಡಲಗಿಯವ ಮುಂದೆ ನಿಂತಿದ್ದಾನೆ, ಅವನ ಮುಂದೆ ನಮ್ಮವರು ಯಾರೂ ಇಲ್ಲ, ಇದು ಆಫ್‌ಸೈಡು ಎಂದು ಮೈಕಿನಲ್ಲಿಯೇ ಹೇಳಿದರು. ಲಖನ ಮಾವನ ಮುಖ ನೋಡಿ ಗೋಲು ಎಂದು ಸೀಟಿ ಊದಿದ. ಹೊಳಿಹಟ್ಟಿಯವರು ಕುರ್ಚಿ ಎತ್ತಿದರು. ಮೂಡಲಗಿಯ ಗೋಲಕೀಪರ್ ಶರಬತ್ತಿನ ಗ್ಲಾಸು ಕೆಳಗಿಟ್ಟು, ಅದು ಸರಿಯಾದ ಗೋಲೇ ಎಂದು ವಾದಿಸಿದ. ಒಬ್ಬರ ಅಂಗಿ ಹರಿಯಿತು. ಪೊಲೀಸರು ಬಂದು ಸಮಾಧಾನ ಮಾಡಿದ ಮೇಲೆ ಮೂಡಲಗಿಗೆ ಟ್ರೋಫಿ ಕೊಡಲಾಯಿತು.

ಮರುದಿನದ ಪತ್ರಿಕೆಗಳಲ್ಲಿ ರೋಚಕ ಪಂದ್ಯವೆಂದು ಬಂತು. ಚಾದ ಅಂಗಡಿಯಲ್ಲಿ, ಕಟಿಂಗಿನ ಅಂಗಡಿಯಲ್ಲಿ, ಹುಕ್ಕೇರಿಯ ಬಸ್ಸಿನಲ್ಲಿ ಅದೇ ಮಾತು. ಮೂಡಲಗಿಯವ ಎಷ್ಟು ಹೆಜ್ಜೆ ಮುಂದಿದ್ದ ಎಂಬುದರ ಬಗ್ಗೆ ಪಕ್ಷಗಳಾದವು. ಶಾಲೆಯಲ್ಲಿ ದಾಕ್ಷಾಯಿಣಿ ಆಫ್‌ಸೈಡಿನ ನಿಯಮ ಕಲಿಸುವಾಗ ಆ ಗೋಲನ್ನೇ ಉದಾಹರಣೆ ಕೊಟ್ಟಳು. ಮಕ್ಕಳಿಗೆ ಬೇಗ ತಿಳಿಯಿತು. ಹೊಳಿಹಟ್ಟಿಯವರು ಸಲ್ಲಿಸಿದ ಮೇಲ್ಮನವಿಯನ್ನು ಕೋಶವು ಸ್ವೀಕರಿಸಿ, ಘಟನಾ ಸ್ಥಳದ ಪರಿಶೀಲನೆಗೆ ಬಾಳೇಶರನ್ನು ನೇಮಿಸಿತು.

ಅಮೀನಸಾಬರು ಮನೆಯಲ್ಲಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಊಟಕ್ಕೆ ಕುಳಿತಾಗ ತಬಸ್ಸುಮ ತಾನಾಗಿ ಮಾತು ತೆಗೆದಳು. ಬಹಳ ದಿನಗಳ ಮೇಲೆ ಅವಳು ಅಜ್ಜನೊಂದಿಗೆ ಮಾತಾಡಿದ್ದು ಅದೇ.

"ದಾದಾ, ಅಂವಗ ಪಾಸ್ ಕೊಟ್ಟಾಗ ನಮ್ಮ ಡಿಫೆಂಡರ್ ಎಲ್ಲಿದ್ದಾ?"

ಅಮೀನಸಾಬರು ಉಪ್ಪಿನಕಾಯಿಯ ಭರಣಿಯನ್ನು ಗೋಲು ಮಾಡಿದರು. ನೀರಿನ ತಂಬಿಗೆ ಮೂಡಲಗಿಯವನಾಯಿತು, ರೊಟ್ಟಿಯ ಬುಟ್ಟಿ ನಮ್ಮ ಡಿಫೆಂಡರ್ ಆಯಿತು. ತಬಸ್ಸುಮ ಬಗ್ಗಿ, ಒಂದು ಕಣ್ಣು ಮುಚ್ಚಿ, ತಂಬಿಗೆಯಿಂದ ಬುಟ್ಟಿಯವರೆಗೆ ನೋಡಿದಳು. ಬುಟ್ಟಿಯನ್ನು ಒಂದು ಬೆರಳಷ್ಟು ಹಿಂದೆ ಸರಿಸಿ ಮತ್ತೆ ನೋಡಿದಳು.

"ಆಫ್‌ಸೈಡ್ ಹೌದು," ಎಂದಳು.

ಜರೀನಾಬಿ ಬುಟ್ಟಿಯನ್ನು ಮರಳಿ ಎಳೆದುಕೊಂಡು ಗಂಡನ ತಟ್ಟೆಗೆ ರೊಟ್ಟಿ ಹಾಕಿದರು. "ಆ ಲಖನ್ಯಾ ರೆಫ್ರಿ ಅಂದಾಗನ ನನಗ ಗೊತ್ತಿತ್ತು," ಎಂದರು. "ಉಣ್ರಿ ಇನ್ನ. ಮುಂದಿನ ವರ್ಸ ಗೆಲ್ಲೂನಂತ."